ಕಾಕಪೋ ಗಿಳಿಯ ವಂಶರಕ್ಷಣೆ

ನ್ಯೂಜಿಲೆಂಡಿನ ಕಾಕಪೋ ಹಾರಲಾರದ, ರಾತ್ರಿ ಸಂಚರಿಸುವ ಗಿಳಿ. ಮನುಷ್ಯನು ತಂದುಬಿಟ್ಟ ಬೆಕ್ಕು, ಇಲಿ ಮೊದಲಾದವುಗಳ ಬಾಧೆಯಿಂದ 1995ರಲ್ಲಿ ಉಳಿದಿದ್ದವು ಕೇವಲ 51. ಬೆಕ್ಕುಗಳಿಲ್ಲದ ದ್ವೀಪಗಳಲ್ಲಿ ಅವುಗಳ ಸಂಖ್ಯೆಯನ್ನು ವೃದ್ಧಿಗೊಳಿಸಿದುದು ಸ್ತುತ್ಯವೇ. ಆದರೆ ಸಂಖ್ಯೆಯೊಂದೇ ಸಾಲದು. ಉಳಿದವುಗಳಲ್ಲಿ ಬಹುಪಾಲು ಸ್ಟೂವರ್ಟ್ ದ್ವೀಪದ ಒಂದೇ ಬಳಗದವು. ರಕ್ತಸಂಬಂಧವು ನಿಕಟವಾದುದರಿಂದಲೂ ಅನೇಕ ಮೊಟ್ಟೆಗಳು ಮರಿಯಾಗವು. 1975ರಲ್ಲಿ ಫಿಯೋರ್ಡ್‌ಲ್ಯಾಂಡಿನಲ್ಲಿ ದೊರೆತ ‘ರಿಚರ್ಡ್ ಹೆನ್ರಿ’ ಎಂಬ ಗಂಡುಹಕ್ಕಿಯೊಂದರಿಂದಲೇ ಬೇರೊಂದು ಬಳಗದ ಗುಣಗಳು ಸಂತತಿಗೆ ಬಂದವು. ಆದುದರಿಂದಲೇ ವಿಜ್ಞಾನಿಗಳು ಹಕ್ಕಿಗಳ ವಂಶವಾಹಿಗಳನ್ನು ಓದಿ, ದೂರದ ನೆಂಟಸ್ತಿಕೆಯವನ್ನು ಒಂದು ದ್ವೀಪಕ್ಕೆ ಸೇರಿಸುತ್ತಾರೆ. ಕೃತಕ ಗರ್ಭಧಾರಣೆಯನ್ನೂ ಮಾಡಿಸುತ್ತಾರೆ. ಇದು ಪ್ರಕೃತಿಯಲ್ಲಿ ಕೈಯಾಡಿಸಿದಂತೆಂಬ ಆಕ್ಷೇಪವುಂಟು. ಬೆಕ್ಕನ್ನು ದಡಕ್ಕಿಳಿಸಿದಂದೇ ಕೈಯಾಡಿಸಿದುದಾಯಿತಲ್ಲವೆ! ಇಂದು ಹಿಂಜರಿದರೆ ನಷ್ಟವಾಗುವುದು ಹಕ್ಕಿಗೆ, ಆಕ್ಷೇಪಿಸುವವರಿಗಲ್ಲ. ಪ್ರಯೋಗಾಲಯಕ್ಕೆ ತಗಲುವ ಹಣವನ್ನು ದುಂದೆನ್ನಲಾಗದು. ಆದರೆ ಅದಕ್ಕಾಗಿ ದ್ವೀಪಗಳ ಕಾವಲನ್ನು ಮಾತ್ರ ಸಡಿಲಿಸಕೂಡದು.