ಬೆರಳಿಗೆ ಬೈಯಬೇಡಿ, ಮೊದಲು ತಂತಿ ನೋಡಿ

ಬೇರೆ ಸುದ್ದಿಯ ಕೆಲಸಕ್ಕೆಂದು ಔರಾದ್ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಚಹಾ ಕುಡಿಯಲು ಕೂತ ಮನೆಯಲ್ಲಿ ಗೋಡೆಯ ಗೂಟಕ್ಕೆ ಒಂದು ಗಿಟಾರ್ ನೇತುಹಾಕಿತ್ತು. ಐದೇ ತಂತಿ, ಮೈತುಂಬ ಧೂಳು. ಯಾರದು ಎಂದು ಕೇಳಿದೆವು. ಪಿಯುಸಿ ಓದುವ ಹುಡುಗ ನಾಚಿಕೊಂಡೇ ಹೇಳಿದ: "ನಂದೇ ಅದ ಅಣ್ಣಾ. ಸೋಯಾ ರಾಶಿಗಿ ಕೂಲಿ ಹೋಗಿ ರೊಕ್ಕ ಕೂಡ್ಸಿ ತಂದಿದ್ದೆ. ಬಟ್ಟು ಬಾಳ ನೋಯ್ತಿದ್ದವು, ಬಿಟ್ಟಬಿಟ್ಟೆ. ಅದು ನಮ್ಮಂಥೋರಿಗಿ ಅಲ್ಲ ಬಿಡ್ರಿ."

ನಮ್ಮ ಗುಂಪಿನಲ್ಲಿ ಒಬ್ಬರಿಗೆ ಸ್ವಲ್ಪ ಗಿಟಾರ್ ಬರುತ್ತದೆ. ಅವರು ಇಳಿಸಿಕೊಂಡು ಬೆರಳಿಟ್ಟು ನೋಡಿದರು. ತಂತಿ ದಪ್ಪ, ಮೇಲೆ ತುಕ್ಕು, ಹಲಗೆಯಿಂದ ಎತ್ತರದಲ್ಲಿ ಬೇರೆ. ಎರಡು ನಿಮಿಷಕ್ಕೇ ಕೆಳಗಿಟ್ಟು, "ಇದನ್ನ ನಾನೂ ನುಡಿಸಲಾರೆ" ಎಂದರು.

ಹುಡುಗ ಇದನ್ನು ಕೇಳಿ ಆಶ್ಚರ್ಯಪಟ್ಟ. ತಪ್ಪು ತನ್ನದೇ ಎಂದು ಅವನು ಅಷ್ಟು ದಿನ ನಂಬಿಕೊಂಡಿದ್ದ. ಈ ಬರಹ ಅವನಂಥವರಿಗಾಗಿ. ಬೀದರ್, ಭಾಲ್ಕಿ, ಔರಾದ್‌ನ ಎಷ್ಟೋ ಮನೆಗಳಲ್ಲಿ ಗಿಟಾರ್‌ಗಳು ಗೂಟ ಸೇರಿರುವುದು ಮಕ್ಕಳಿಗೆ ಕಲೆ ಇಲ್ಲದ್ದಕ್ಕಲ್ಲ, ತಪ್ಪು ತಂತಿ ಹಾಕಿದ್ದಕ್ಕೆ ಎಂಬುದು ನಮ್ಮ ಅಭಿಪ್ರಾಯ. ಕೆಲವು ನೂರು ರೂಪಾಯಿಯ ತಂತಿ ಸರಿ ಮಾಡದೆ ಸಾವಿರಾರು ರೂಪಾಯಿಯ ಗಿಟಾರನ್ನೂ, ಅದಕ್ಕಿಂತ ಹೆಚ್ಚಾಗಿ ಒಂದು ಆಸೆಯನ್ನೂ ಗೋಡೆಗೆ ತೂಗು ಹಾಕುತ್ತಿದ್ದೇವೆ.

ತಂಬೂರಿಯವರಿಗೆ ಗೊತ್ತಿದ್ದ ಮಾತು

ತಂತಿ ಆರಿಸುವುದು ನಮ್ಮ ಭಾಗಕ್ಕೆ ಹೊಸ ವಿದ್ಯೆಯೇನಲ್ಲ. ತತ್ವಪದ ಹಾಡುವವರು ಏಕತಾರಿಯ ಒಂದೇ ತಂತಿಯನ್ನು ತಮ್ಮ ದನಿಗೆ ಹೊಂದಿಸಿಕೊಂಡು ಕೂರುತ್ತಾರೆ. ಸಂಗೀತದವರ ತಂಬೂರಿಯಲ್ಲೂ ಹಾಗೇ. ಗಂಡು ದನಿಗೆ ದಪ್ಪ ತಂತಿ, ಹೆಣ್ಣು ದನಿಗೆ ತೆಳು ತಂತಿ. ಮಿರಜ್ ತಂಬೂರಿ, ಸಿತಾರ್‌ಗಳಿಗೆ ಹೆಸರಾದ ಊರು. ಅಲ್ಲಿನ ಈ ಎರಡು ವಾದ್ಯಗಳಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ತಂಬೂರಿ ಕೊಳ್ಳಲು ಹೋದರೆ ಮೊದಲು ಕೇಳುವ ಮಾತೇ 'ಯಾರು ಹಾಡುತ್ತಾರೆ, ಯಾವ ಸುರದಲ್ಲಿ' ಎಂಬುದು.

ಹಾಡುವವರ ಗಂಟಲು ನೋಡಿ ತಂತಿ ಹಾಕುವ ನಾವು ಗಿಟಾರ್ ಬಂದ ಕೂಡಲೇ ಅದನ್ನು ಮರೆತೆವು. ಡಬ್ಬಿಯಲ್ಲಿ ಯಾವ ತಂತಿ ಬಂತೋ ಅದೇ ಗತಿ ಎಂದುಕೊಂಡೆವು.

10, 11, 12: ಇದೇನು ಲೆಕ್ಕ?

ತಂತಿಯ ಪಾಕೀಟಿನ ಮೇಲೆ 10–47, 11–52, 12–53 ಎಂದೆಲ್ಲ ಬರೆದಿರುತ್ತದೆ. ಮೊದಲ ಅಂಕಿ ಅತಿ ತೆಳುವಾದ ಒಂದನೇ ತಂತಿಯ ದಪ್ಪ, ಎರಡನೆಯದು ಆರನೇ ತಂತಿಯ ದಪ್ಪ. ಲೆಕ್ಕ ಇಂಚಿನ ಸಾವಿರದ ಒಂದು ಭಾಗದಲ್ಲಿ. 10 ಎಂದರೆ ಸುಮಾರು 0.25 ಮಿ.ಮೀ., 12 ಎಂದರೆ ಸುಮಾರು 0.30 ಮಿ.ಮೀ.

ವ್ಯತ್ಯಾಸ 0.05 ಮಿ.ಮೀ. ಮಾತ್ರ, ಕಣ್ಣಿಗೆ ಕಾಣುವುದೂ ಕಷ್ಟ. ಆದರೆ ಅದೇ ಸ್ವರಕ್ಕೆ ಬಿಗಿದಾಗ 12ರ ತಂತಿಯ ಎಳೆತ 10ಕ್ಕಿಂತ ಶೇ 40ಕ್ಕೂ ಹೆಚ್ಚು. ಬೆರಳು ಒತ್ತಬೇಕಾದ ಬಲವೂ ಅದಕ್ಕೆ ತಕ್ಕಂತೆ ಏರುತ್ತದೆ.

ಹೊಲದ ಲೆಕ್ಕದಲ್ಲಿ ಹೇಳುವುದಾದರೆ, 12–53ರ ಆರೂ ತಂತಿ ಸೇರಿ ಗಿಟಾರನ್ನು ಎಳೆಯುವ ಭಾರ ಸುಮಾರು 75 ಕಿಲೋ, ಅಂದರೆ ಒಂದೂವರೆ ಚೀಲ ಡಿಎಪಿ. 10–47 ಹಾಕಿದರೆ ಅದು ಸುಮಾರು 60 ಕಿಲೋಗೆ ಇಳಿಯುತ್ತದೆ. ನೈಲಾನ್ ತಂತಿಯದು ಇನ್ನೂ ಕಡಿಮೆ, ಸುಮಾರು 40 ಕಿಲೋ, ಒಂದು ಯೂರಿಯಾ ಚೀಲಕ್ಕಿಂತಲೂ ಹಗುರ. ಅಗ್ಗದ ಪ್ಲೈವುಡ್ ಗಿಟಾರನ್ನು ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಇಟ್ಟು, ಮೇಲೆ ಒಂದೂವರೆ ಡಿಎಪಿ ಚೀಲದ ಭಾರವನ್ನು ಹಗಲೂ ರಾತ್ರಿ ಎಳೆಸಿದರೆ ಕುತ್ತಿಗೆ ಬಾಗದೆ ಇರುತ್ತದೆಯೇ? ಕುತ್ತಿಗೆ ಬಾಗಿದಷ್ಟೂ ತಂತಿ ಮೇಲೇಳುತ್ತದೆ, ಮೇಲೆದ್ದಷ್ಟೂ ಬೆರಳು ನೋಯುತ್ತದೆ.

ಇಲ್ಲೊಂದು ಮೋಸದ ಪದವಿದೆ. 12ರ ಸೆಟ್ಟಿನ ಮೇಲೆ 'ಲೈಟ್' ಎಂದು ಬರೆದಿರುತ್ತಾರೆ. ಲೈಟ್ ಎಂದರೆ ಹಗುರ ತಾನೇ ಎಂದು ಹೊಸಬರು ಅದನ್ನೇ ತರುತ್ತಾರೆ. ಹೊಸಬರಿಗೆ ಬೇಕಾದ 10ರ ಸೆಟ್ಟಿಗೆ 'ಎಕ್ಸ್‌ಟ್ರಾ ಲೈಟ್' ಎಂದು ಹೆಸರು. ಹಾಗಾಗಿ ಹೆಸರು ಬಿಡಿ, ಅಂಕಿ ಓದಿ.

ನಮ್ಮ ಸಲಹೆ ಇಷ್ಟು. ಹೊಸದಾಗಿ ಕಲಿಯುವವರಿಗೆ 10. ಆರು ತಿಂಗಳು, ವರ್ಷ ನುಡಿಸಿ ಕೈ ಕುದುರಿದವರಿಗೆ 11. ಮೈಕ್ ಇಲ್ಲದೆ ಭಜನೆಗೋ ಚರ್ಚಿನ ಹಾಡಿಗೋ ಪಿಕ್ ಹಿಡಿದು ಜೋರಾಗಿ ಬಾರಿಸುವವರಿಗೆ, ಗಿಟಾರೂ ಗಟ್ಟಿಯಾಗಿದ್ದರೆ, 12. ತೆಳು ತಂತಿಗೆ ಸದ್ದು ಸ್ವಲ್ಪ ಕಡಿಮೆ, ಜೋರಾಗಿ ಹೊಡೆದರೆ ಜುಯ್ ಎನ್ನುವುದೂ ಉಂಟು. ಆದರೆ ಕಲಿಯುವವನು ಊರಿಗೆಲ್ಲ ಕೇಳಿಸಬೇಕಾಗಿಲ್ಲ, ತನಗೆ ಕೇಳಿಸಿದರೆ ಸಾಕು.

ಬಿದರಿಯ ಲೋಹ, ತಂತಿಯ ಲೋಹ

ದಪ್ಪದ ನಂತರದ ಪ್ರಶ್ನೆ ಲೋಹದ್ದು. ಇದು ಬೀದರ್‌ನವರಿಗೆ ಬೇಗ ತಿಳಿಯಬೇಕು. ನಮ್ಮ ಬಿದರಿ ಪಾತ್ರೆ ಸತು ಮತ್ತು ತಾಮ್ರದ ಮಿಶ್ರಣ. ಅದರಲ್ಲಿ ಸತು ಬಹುಪಾಲು, ತಾಮ್ರ ಸ್ವಲ್ಪ. ಗಿಟಾರ್‌ನ ದಪ್ಪ ತಂತಿಗಳಿಗೆ ಉಕ್ಕಿನ ಎಳೆಯ ಮೇಲೆ ಸುತ್ತುವ '80/20 ಬ್ರಾಂಝ್' ಕೂಡ ಇದೇ ಎರಡು ಲೋಹ, ಲೆಕ್ಕ ಮಾತ್ರ ತಿರುಗಾಮುರುಗಾ: 80 ಭಾಗ ತಾಮ್ರ, 20 ಭಾಗ ಸತು. ಹೊಸತಿದ್ದಾಗ ದನಿ ಝಣ್ ಎನ್ನುತ್ತದೆ, ಬೆವರು ತಾಗಿ ಬೇಗ ಮಂಕಾಗುತ್ತದೆ.

ಇನ್ನೊಂದು 'ಫಾಸ್ಫರ್ ಬ್ರಾಂಝ್'. ಇದರಲ್ಲಿ ತಾಮ್ರಕ್ಕೆ ಸತುವಿನ ಬದಲು ತವರ, ಜತೆಗೆ ಚೂರು ರಂಜಕ. ದನಿ ಸ್ವಲ್ಪ ಮೆತ್ತಗೆ, ಬಾಳಿಕೆ ಹೆಚ್ಚು. ನಮ್ಮ ಬಿಸಿಲಿಗೆ, ಬೆವರುವ ಕೈಗೆ ಇದೇ ವಾಸಿ. ಪದರ ಹಚ್ಚಿದ ದುಬಾರಿ ತಂತಿಗಳೂ ಇವೆ. ಅವು ಬಹಳ ದಿನ ಬರುತ್ತವೆ ನಿಜ, ಆದರೆ ಕಲಿಯುವಾಗ ಶ್ರುತಿ ಮಾಡಲು ಹೋಗಿ ಒಂದನೇ ತಂತಿ ಪಟ್ ಎನ್ನುವುದು ಮಾಮೂಲು. ಆ ದುಡ್ಡಿಗೆ ಎರಡು ಸಾಧಾರಣ ಸೆಟ್ ತಂದಿಟ್ಟುಕೊಳ್ಳಿ.

ಬಿದರಿಯ ಕಪ್ಪು ಬಣ್ಣ ಕೋಟೆಯ ಮಣ್ಣಿನಿಂದ ಬರುವ ಚೆಲುವು. ತಂತಿಯ ಕಪ್ಪು ಬೆವರು, ಕೊಳೆ, ತುಕ್ಕು. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿದರೆ ಆಯುಷ್ಯ ಹೆಚ್ಚುತ್ತದೆ. ಬೆರಳಾಡಿಸಿದಾಗ ತಂತಿ ಒರಟಾಗಿ ತಾಗಿದರೆ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ.

ಸ್ಟೀಲೋ, ನೈಲಾನೋ?

ಬೆರಳು ನೋಯುತ್ತದೆ ಎಂದು ಸ್ಟೀಲ್ ಗಿಟಾರಿಗೆ ನೈಲಾನ್ ಹಾಕುವವರಿದ್ದಾರೆ. ಅದರಿಂದ ಗಿಟಾರಿಗೆ ಕೇಡಿಲ್ಲ, ದನಿ ಮಾತ್ರ ಸತ್ತುಹೋಗುತ್ತದೆ. ಉಲ್ಟಾ ಮಾಡಿದರೆ ಅಪಾಯ. ನೈಲಾನ್‌ಗೆಂದೇ ಮಾಡಿದ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಬಿಗಿದರೆ ಬ್ರಿಡ್ಜ್, ಅಂದರೆ ನಮ್ಮ ತಂಬೂರಿಯವರು ಹೇಳುವ ಕುದುರೆ, ಹಲಗೆಯಿಂದಲೇ ಕಿತ್ತು ಬರಬಹುದು.

ಗುರುತಿಸುವುದು ಸುಲಭ. ಬ್ರಿಡ್ಜ್‌ನಲ್ಲಿ ತಂತಿಯನ್ನು ಗಂಟು ಹಾಕಿ ಕಟ್ಟುವ ಹಾಗಿದ್ದು, ಹಲಗೆ ಅಗಲವಾಗಿದ್ದರೆ ಸಾಮಾನ್ಯವಾಗಿ ಅದು ನೈಲಾನ್ ಗಿಟಾರ್. ತಂತಿಯ ತುದಿಯ ಗುಂಡನ್ನು ರಂಧ್ರಕ್ಕೆ ಇಳಿಸಿ ಮೇಲೆ ಪಿನ್ ಒತ್ತುವ ಹಾಗಿದ್ದರೆ ಸ್ಟೀಲ್ ಗಿಟಾರ್. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹೊಸದಾಗಿ ಕೊಡಿಸುವುದಾದರೆ ನೈಲಾನಿನ ಚಿಕ್ಕ ಗಿಟಾರನ್ನೇ ಕೊಡಿಸಿ.

'ಬೆರಳು ಗಟ್ಟಿ ಆಗ್ಲಿ ಬಿಡ್ರಿ'

ಈ ಮಾತನ್ನು ನಾವು ಬೀದರ್‌ನಲ್ಲೂ ಭಾಲ್ಕಿಯಲ್ಲೂ ಕೇಳಿದ್ದೇವೆ. ನೋವಿಲ್ಲದೆ ವಿದ್ಯೆ ಬರುವುದಿಲ್ಲ, ರಕ್ತ ಬಂದರೂ ಬಿಡಬಾರದು ಎನ್ನುತ್ತಾರೆ. ಅರ್ಧ ನಿಜ. ಸರಿಯಾದ ತಂತಿ ಹಾಕಿದರೂ ಮೊದಲ ಎರಡು ಮೂರು ವಾರ ಬೆರಳ ತುದಿ ಉರಿಯುತ್ತದೆ, ಆಮೇಲೆ ಚರ್ಮ ದಪ್ಪವಾಗುತ್ತದೆ. ಇದನ್ನು ಯಾರೂ ತಪ್ಪಿಸಲಾರರು.

ಆದರೆ ಎತ್ತಿನ ಹೆಗಲು ಗಟ್ಟಿಯಾಗಲಿ ಎಂದು ಮೊದಲ ದಿನವೇ ಎಳೆಗರುವಿಗೆ ನೊಗ ಹೂಡುವ ರೈತನನ್ನು ನಾವು ಕಂಡಿಲ್ಲ. ಪೇಟೆಯಲ್ಲಿ ಕಲಿಯುವ ಹುಡುಗನಿಗೆ ನೋವಾದರೆ ಹೇಳಿಕೊಡುವವರು ಪಕ್ಕದಲ್ಲೇ ಇರುತ್ತಾರೆ, ಗಿಟಾರ್ ನೋಡಿ ತಂತಿ ಬದಲಿಸಿ ಕೊಡುತ್ತಾರೆ. ಮೊಬೈಲ್ ನೋಡಿ ಒಬ್ಬನೇ ಕಲಿಯುವ ಹಳ್ಳಿಯ ಹುಡುಗನಿಗೆ ಯಾರಿದ್ದಾರೆ? ವಿಡಿಯೊದಲ್ಲಿ ನುಡಿಸುವವನ ಬೆರಳು ಹೂವಿನ ಮೇಲೆ ಆಡಿದ ಹಾಗೆ ಆಡುತ್ತದೆ, ತನ್ನದು ಆಡುವುದಿಲ್ಲ. ಅವನು ದೂರುವುದು ತಂತಿಯನ್ನಲ್ಲ, ತನ್ನನ್ನೇ. ಹುಡುಗಿಯರಿಗೆ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ 'ನಿನಗ್ಯಾಕ ಬೇಕದು' ಎನ್ನಲು ಮನೆಯವರು ಕಾದೇ ಇರುತ್ತಾರೆ.

ದುಡ್ಡೇ ಇಲ್ಲದವರಿಗೆ ಪುಕ್ಕಟೆ ಉಪಾಯವೂ ಇದೆ. ಆರೂ ತಂತಿಗಳನ್ನು ಒಂದು ಪೂರ್ಣ ಸ್ವರ ಇಳಿಸಿ, ಅಂದರೆ ಇ ಇರುವುದು ಡಿ ಆಗಲಿ. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಬಿಳಿ ಎರಡು. ಎಳೆತ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಮೊದಲಿನ ಸುರವೇ ಬೇಕೆಂದರೆ ಎರಡನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ. ಶ್ರುತಿ ನೋಡಲು ಮೊಬೈಲ್‌ನಲ್ಲಿ ಪುಕ್ಕಟೆ ಟ್ಯೂನರ್ ಆ್ಯಪ್‌ಗಳಿವೆ.

ಜತೆಗೆ ಶಾಲೆಯ ಸ್ಕೇಲ್ ಹಿಡಿದು 12ನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರ ಇದೆ ನೋಡಿ. 3 ಮಿ.ಮೀ.ಗಿಂತ ಹೆಚ್ಚಿದ್ದರೆ ತಂತಿ ಬದಲಿಸಿದರಷ್ಟೇ ಸಾಲದು, ತಿಳಿದವರಿಂದ ಗಿಟಾರನ್ನೂ ಸರಿ ಮಾಡಿಸಬೇಕು.

ತಂತಿ ಎಲ್ಲಿ ತರುವುದು?

ಇದೇ ನಮ್ಮ ದೊಡ್ಡ ತಕರಾರು. ಈ ಭಾಗದಲ್ಲಿ ನಾವು ವಿಚಾರಿಸಿದ ಕಡೆ ಸಿಕ್ಕ ತಂತಿಗಳಲ್ಲಿ ಹೆಚ್ಚಿನವು 12ರವು, ಇಲ್ಲವೇ ಅಂಕಿಯೇ ಇಲ್ಲದ ಪಾಕೀಟುಗಳು. ಒಂದು ಕಡೆ ಎಲೆಕ್ಟ್ರಿಕ್ ಗಿಟಾರಿನ ತಂತಿ ತೋರಿಸಿ "ಎಲ್ಲಾ ಒಂದೇ ತಗೋರಿ" ಎಂದರು. ಒಂದೇ ಅಲ್ಲ. ಅದರ ನಿಕಲ್ ಸುತ್ತಿನ ತಂತಿಗೆ ಕರೆಂಟಿಲ್ಲದ ಗಿಟಾರಿನಲ್ಲಿ ದನಿ ಏಳುವುದಿಲ್ಲ.

ಭಾಲ್ಕಿಯವರಿಗೆ ಹೈದರಾಬಾದಿಗೋ ಉದಗೀರಿಗೋ ಹೋಗಲು ರೈಲಾದರೂ ಇದೆ, ಔರಾದ್‌ನವರಿಗೆ ಅದೂ ಇಲ್ಲ. ಒಂದು ತಂತಿ ಹರಿದರೆ ಅದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಬೇಕು. ಆನ್‌ಲೈನ್‌ನಲ್ಲಿ ತರಿಸಬಹುದು ನಿಜ, ಆದರೆ ಯಾವ ಅಂಕಿ ಎಂದು ಗೊತ್ತಿದ್ದರೆ ತಾನೇ?

ಆದ್ದರಿಂದ ನಾವು ಕೇಳುವುದು ಮೂರೇ ಮಾತು. ವಾದ್ಯದ ಅಂಗಡಿಯವರೇ, 10ರ ನಾಲ್ಕು ಸೆಟ್, ಜತೆಗೆ ಬಿಡಿ ಒಂದನೇ ತಂತಿಗಳನ್ನು ಇಟ್ಟುಕೊಳ್ಳಿ. ಗಿಟಾರ್ ಮಾರುವಾಗ ಯಾರು ನುಡಿಸುವವರು ಎಂದು ಕೇಳಿ. ಹೇಳಿಕೊಡುವವರೇ, ಮೊದಲ ದಿನ ಮಕ್ಕಳ ಬೆರಳು ನೋಡುವ ಮೊದಲು ಅವರ ಗಿಟಾರಿನ ತಂತಿ ನೋಡಿ. ಭಜನಾ ಮಂಡಳಿ, ಚರ್ಚಿನ ಹಾಡಿನ ತಂಡ, ಯುವಕ ಸಂಘದವರೇ, ತಬಲಾ, ಡೋಲಕ್ ರಿಪೇರಿಗೆ ಎತ್ತಿಡುವ ಹಣದಲ್ಲಿ ಎರಡು ಸೆಟ್ ತಂತಿಗೂ ಎತ್ತಿಡಿ. ಊರಿಗೆ ಎರಡು ಸೆಟ್ ಇದ್ದರೂ ಎಷ್ಟೋ ಗಿಟಾರ್‌ಗಳು ಗೂಟದಿಂದ ಇಳಿಯುತ್ತವೆ.

ಔರಾದ್‌ನ ಆ ಹುಡುಗನಿಗೆ ನಾವು 10–47ರ ಒಂದು ಸೆಟ್ ತರಿಸಿ ಹಾಕಿಕೊಟ್ಟೆವು. ಅವನು ಇನ್ನೂ ಹಾಡು ಕಲಿತಿಲ್ಲ. ಎರಡು ವಾರದ ನಂತರ ವಾಯ್ಸ್ ಮೆಸೇಜ್ ಕಳಿಸಿದ. ಜಿ ಕಾರ್ಡಿನಿಂದ ಸಿ ಕಾರ್ಡಿಗೆ ಹೋಗಲು ತಡವರಿಸುವ ಸದ್ದು, ಕೊನೆಗೆ ಅವನ ಮಾತು: "ಅಣ್ಣಾ, ಈಗ ಒಂದ್ ತಾಸ್ ಕುಂತ್ರೂ ನಡೀತದ."

ನಿಮ್ಮ ಮನೆಯ ಗೂಟಕ್ಕೂ ಗಿಟಾರ್ ನೇತುಬಿದ್ದಿದ್ದರೆ ಇವತ್ತೇ ಇಳಿಸಿ, ತಂತಿ ನೋಡಿ.