ಅಂಚೆಯ ಚೀಲದಲ್ಲಿರುವ ಅಮಾನತ್

2025ರ ಡಿಸೆಂಬರ್ 30ರಂದು ಡೆನ್ಮಾರ್ಕಿನ ಸರಕಾರಿ ಒಡೆತನದ ಅಂಚೆ ಸಂಸ್ಥೆಯು ತನ್ನ ಕೊನೆಯ ಪತ್ರಗಳನ್ನು ಹಂಚಿ ಆ ಸೇವೆಗೆ ತೆರೆ ಎಳೆಯಿತು. 1624ರಲ್ಲಿ ಆರಂಭವಾದ ಪರಂಪರೆಯು ಹೀಗೆ ನಾಲ್ಕು ಶತಮಾನಗಳ ಬಳಿಕ ಕೊನೆಗೊಂಡಿತು. ಜನರೆಲ್ಲರೂ ಮೊಬೈಲಿನಲ್ಲಿಯೇ ವ್ಯವಹರಿಸುವಾಗ ಪತ್ರ ಹಂಚುವುದಕ್ಕೆ ಹಣ ವ್ಯಯಿಸುವುದೇಕೆ ಎಂಬುದು ಅಲ್ಲಿಯ ವಾದ. ನಮ್ಮಲ್ಲಿಯೂ ಹೀಗೆ ಕೇಳುವವರಿದ್ದಾರೆ. ವಾಟ್ಸ್ಆ್ಯಪ್ ಇರುವಾಗ ಅಂಚೆಯಣ್ಣನೇಕೆ? ಫೋನ್‌ಪೇ ಇರುವಾಗ ಮನಿಯಾರ್ಡರ್ ಏಕೆ?

ಇಷ್ಟಕ್ಕೂ, ಕಡೂರು ಡೆನ್ಮಾರ್ಕ್ ಅಲ್ಲ. ಕಡೂರು, ತರೀಕೆರೆ, ಅಜ್ಜಂಪುರ ತಾಲೂಕುಗಳ ಭೂಪಟವನ್ನೊಮ್ಮೆ ನೋಡಿರಿ. ಒಂದೆಡೆ ಯಗಟಿ, ಪಂಚನಹಳ್ಳಿಗಳ ಬಯಲುಸೀಮೆ. ಇನ್ನೊಂದೆಡೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಗಳ ಮಲೆನಾಡು. ಲಾಭದ ಲೆಕ್ಕ ಹಾಕುವ ಖಾಸಗಿ ಕೊರಿಯರ್, ತಾಲೂಕು ಕೇಂದ್ರದ ಅಂಗಡಿಯವರೆಗೆ ಬಂದು ಅಲ್ಲಿಂದ ಫೋನಾಯಿಸಿ 'ಬಂದು ಒಯ್ಯಿರಿ' ಎಂದೀತು. ಅಂಚೆಯು ಹಾಗೆ ಹೇಳುವಂತಿಲ್ಲ. ಒಂದೇ ಲಕೋಟೆ ಇದ್ದರೂ ಅದು ಕೊನೆಯ ಮನೆಗೆ ಹೋಗಲೇಬೇಕು. ದೇಶದ ಸುಮಾರು 1 ಲಕ್ಷದ 64 ಸಾವಿರ ಅಂಚೆ ಕಚೇರಿಗಳಲ್ಲಿ ಹತ್ತರಲ್ಲಿ ಒಂಭತ್ತು ಪಾಲು ಗ್ರಾಮಗಳಲ್ಲಿವೆ. ಸ್ವಾತಂತ್ರ್ಯ ಬಂದಾಗ ಇದ್ದುದು 23 ಸಾವಿರ ಮಾತ್ರ. ಈ ಜಾಲವನ್ನು ಕಟ್ಟಿದ್ದು ಮೂರು ತಲೆಮಾರುಗಳ ತೆರಿಗೆಯ ಹಣ.

ಪ್ರೇಮಪತ್ರ, ಕುಶಲ ಪತ್ರಗಳ ಕಾಲ ಮುಗಿದಿದೆ, ನಿಜ. ಗಲ್ಫಿನಿಂದ ಬರುವ ನೀಲಿ ಅಂಚಿನ ಲಕೋಟೆಗಾಗಿ ತಾಯಂದಿರು ಬಾಗಿಲಲ್ಲಿ ಕಾಯುತ್ತಿದ್ದ ದಿನಗಳು ಇನ್ನು ಮರಳಲಾರವು. ಆದರೆ ಅಂಚೆಯ ಚೀಲದಲ್ಲಿ ಇಂದು ಇರುವುದೇನು? ಪಾಸ್‌ಪೋರ್ಟ್, ಮತದಾರರ ಗುರುತು ಚೀಟಿ, ಆಧಾರ್ ಕಾರ್ಡ್, ನ್ಯಾಯಾಲಯದ ನೋಟೀಸು, ನೇಮಕಾತಿ ಪತ್ರ. ಹಜ್ಜಿಗೆ ಅರ್ಜಿ ಹಾಕುವವರ ಪಾಸ್‌ಪೋರ್ಟು ಮನೆ ಸೇರುವುದು ಸ್ಪೀಡ್ ಪೋಸ್ಟಿನಲ್ಲಿಯೇ. ದಾಖಲೆಗಳ ಬಗ್ಗೆ ಸದಾ ಆತಂಕದಲ್ಲಿರುವ ನಮ್ಮ ಸಮುದಾಯಕ್ಕೆ ಇದರ ಬೆಲೆಯನ್ನು ಬೇರೆ ಹೇಳಬೇಕಿಲ್ಲ. ವಿಳಾಸದಾರರು ಸಿಗಲಿಲ್ಲವೆಂಬ ಷರಾದೊಂದಿಗೆ ಹಿಂದಿರುಗಿದ ಒಂದೇ ಒಂದು ನೋಟೀಸು ಸಾಕು, ಒಂದು ಕುಟುಂಬವು ವರ್ಷಗಟ್ಟಲೆ ಕಚೇರಿಗಳಿಗೆ ಅಲೆಯಬೇಕಾದೀತು. ಅಂಚೆ ಇಲಾಖೆಯು 2025ರಲ್ಲಿ 'ಡಿಜಿಪಿನ್' ಎಂಬ ಹತ್ತಕ್ಷರದ ಸಂಕೇತವನ್ನು ಜಾರಿಗೆ ತಂದಿತು. ಅದು ಸುಮಾರು ನಾಲ್ಕು ಮೀಟರ್ ಚೌಕದ ಜಾಗವನ್ನು ಗುರುತಿಸುತ್ತದೆ. ಆದರೆ ಆ ಜಾಗದಲ್ಲಿರುವ ಬಾಡಿಗೆ ಮನೆಯ ವಿಧವೆ ಕಳೆದ ತಿಂಗಳು ಪಕ್ಕದ ಗಲ್ಲಿಗೆ ಹೋಗಿದ್ದಾಳೆಂದು ತಿಳಿದಿರುವುದು ಅಂಚೆಯಣ್ಣನಿಗೆ ಮಾತ್ರ.

2018ರ ಸೆಪ್ಟೆಂಬರ್ 1ರಂದು ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಈ ನಂಟನ್ನು ಇನ್ನಷ್ಟು ಗಟ್ಟಿಗೊಳಿಸಿದೆ. ಯಂತ್ರವೊಂದನ್ನು ಹಿಡಿದು ಮನೆಗೇ ಬರುವ ಅಂಚೆಯಣ್ಣನ ಬಳಿ ಬೆರಳೊತ್ತಿ ಪಿಂಚಣಿಯನ್ನೋ ಗೃಹಲಕ್ಷ್ಮಿಯ ಹಣವನ್ನೋ ಪಡೆಯಬಹುದು. ಕೂಲಿಯಿಂದ ಬೆರಳ ಗೆರೆಗಳೇ ಸವೆದ ವೃದ್ಧೆಯನ್ನು ಯಂತ್ರವು ಗುರುತಿಸದಿದ್ದರೆ, 'ನಾಳೆ ಇನ್ನೊಮ್ಮೆ ನೋಡೋಣ ಅಮ್ಮ' ಎನ್ನಲು ಅಲ್ಲಿ ಒಬ್ಬ ಮನುಷ್ಯನಿರುತ್ತಾನೆ. ಡಿಜಿಟಲ್ ಬದಲಾವಣೆಯು ಅಂಚೆಯ ಶತ್ರುವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೇ?

ದುರಂತವೇನೆಂದರೆ, ಈ ಭಾರವನ್ನೆಲ್ಲ ಹೊತ್ತಿರುವ ಗ್ರಾಮೀಣ ಅಂಚೆ ಸೇವಕರು ಇಂದಿಗೂ ಇಲಾಖೆಯ ಪೂರ್ಣ ನೌಕರರಲ್ಲ. ಇವರ ಸಂಖ್ಯೆ ಸುಮಾರು ಎರಡೂವರೆ ಲಕ್ಷ. ಕಾಗದದ ಮೇಲೆ ಇವರ ದುಡಿಮೆ ದಿನಕ್ಕೆ ನಾಲ್ಕೈದು ತಾಸು. ಶಾಖಾ ಅಂಚೆಪಾಲಕರು ಕಚೇರಿಗೆ ಬೇಕಾದ ಜಾಗವನ್ನೂ ತಾವೇ ಒದಗಿಸಬೇಕು. 2018ರ ಮೇ ತಿಂಗಳಲ್ಲಿ ಇವರು ಎರಡು ವಾರಕ್ಕೂ ಮಿಕ್ಕಿ ಮುಷ್ಕರ ಹೂಡಿದ ಬಳಿಕವೇ ಮೂಲ ಭತ್ಯೆಯು ಹತ್ತರಿಂದ ಹದಿನಾಲ್ಕೂವರೆ ಸಾವಿರ ರೂಪಾಯಿಗಳಿಗೇರಿತು. ಇಲಾಖಾ ನೌಕರರಿಗೆ ಸಿಗುವಂಥ ಪಿಂಚಣಿ ಇವರಿಗೆ ಇಂದಿಗೂ ಇಲ್ಲ. ದುಡಿದವನ ಹಕ್ಕನ್ನು ತಡಮಾಡದೆ ಕೊಡಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳಾದ ನಾವು ಈ ಅನ್ಯಾಯದ ವಿರುದ್ಧ ಧ್ವನಿಯೆತ್ತಬೇಡವೇ? ಇದು ಯಾವುದೇ ಒಂದು ಸಮುದಾಯದ ಪ್ರಶ್ನೆಯಲ್ಲ.

ಅಂಚೆಯ ಆದಾಯ ಖರ್ಚಿಗೆ ಸಾಲುವುದಿಲ್ಲವೆಂಬ ಮಾತು ಸುಳ್ಳಲ್ಲ. ಖರ್ಚಿನ ಬಹುಪಾಲು ಸಂಬಳಕ್ಕೂ ನಿವೃತ್ತರ ಪಿಂಚಣಿಗೂ ಹೋಗುತ್ತದೆ. ಆದರೆ ಸರಕಾರಿ ಶಾಲೆ ಲಾಭ ಮಾಡುತ್ತದೆಯೇ? ಹಳ್ಳಿಯ ರಸ್ತೆ ಲಾಭ ಮಾಡುತ್ತದೆಯೇ? ನಷ್ಟ ತುಂಬಲು ಸೇವೆಗಳನ್ನೇ ಕಡಿಯುವುದು ಸುಲಭದ ದಾರಿ. 2024ರ ಡಿಸೆಂಬರಿನಲ್ಲಿ ನೋಂದಾಯಿತ ಪುಸ್ತಕ ಅಂಚೆಯನ್ನು ರದ್ದುಪಡಿಸಲಾಯಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಲಾಯಿತು. ಇದರ ಪೆಟ್ಟು ಬಿದ್ದದ್ದು ದೊಡ್ಡ ಕಂಪೆನಿಗಳಿಗಲ್ಲ. ಸಣ್ಣ ಪ್ರಕಾಶಕರಿಗೆ, ಅಂಚೆಯನ್ನೇ ನೆಚ್ಚಿಕೊಂಡ ಓದುಗರಿಗೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇಸ್ಲಾಮೀ ಇತಿಹಾಸದಲ್ಲಿ ಮುಆವಿಯ(ರ)ರ ಕಾಲದಲ್ಲಿ ರೂಪುಗೊಂಡ 'ಬರೀದ್' ವ್ಯವಸ್ಥೆಯು ಪ್ರಾಂತ್ಯಗಳ ಸುದ್ದಿಯನ್ನು ಆಡಳಿತಗಾರರಿಗೆ ಮುಟ್ಟಿಸುತ್ತಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಮೈಸೂರು ಅಂಚೆಯೂ ಅರಸನ ಕಣ್ಣು-ಕಿವಿಯಾಗಿತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅರಸನ ಕಿವಿಯಾಗಿದ್ದ ಅಂಚೆ ಸಾಮಾನ್ಯನ ಸೇವಕನಾದದ್ದೇ ಆಧುನಿಕ ಕಾಲದ ದೊಡ್ಡ ಸಾಧನೆ. 1898ರ ಹಳೆಯ ಕಾನೂನಿನ ಜಾಗದಲ್ಲಿ 2024ರ ಜೂನ್‌ನಿಂದ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯು, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಅಂಚೆಯ ವಸ್ತುಗಳನ್ನು ತಡೆದು ತೆರೆಯುವ ಅಧಿಕಾರವನ್ನು ಉಳಿಸಿಕೊಂಡಿದೆ. ಆದರೆ ಆ ಅಧಿಕಾರ ದುರುಪಯೋಗವಾಗದಂತೆ ತಡೆಯುವ ಕ್ರಮಗಳನ್ನು ಕಾಯ್ದೆಯಲ್ಲಿಯೇ ಸ್ಪಷ್ಟಪಡಿಸಿಲ್ಲ. ಅಂಚೆಯು ಉಳಿಯಬೇಕು; ಆದರೆ ಅರಸನ ಕಿವಿಯಾಗಿ ಅಲ್ಲ.

ಸರಕಾರವನ್ನು ದೂರಿದಷ್ಟಕ್ಕೇ ನಮ್ಮ ಹೊಣೆ ಮುಗಿಯುವುದಿಲ್ಲ. ಬಡ್ಡಿಯ ಕಾರಣಕ್ಕೆ ನಮ್ಮ ಅನೇಕ ಕುಟುಂಬಗಳು ಅಂಚೆಯ ಉಳಿತಾಯ ಯೋಜನೆಗಳಿಂದ ದೂರ ನಿಂತಿವೆ. ಆ ನಿಲುವು ಗೌರವಾರ್ಹ. ಆದರೆ ಬಡ್ಡಿಯಿಂದ ದೂರವಿರುವ ಭರದಲ್ಲಿ ಅಂಚೆ ಕಚೇರಿಯಿಂದಲೇ ದೂರವಾಗುವುದು ಜಾಣತನವಲ್ಲ. ಪಿಂಚಣಿ ಪಡೆಯುವುದು, ಹಣ ರವಾನಿಸುವುದು, ಆಧಾರ್ ತಿದ್ದಿಸುವುದು ಬಡ್ಡಿಯ ವ್ಯವಹಾರವಲ್ಲ. ಒಂದು ದಾಖಲೆಯಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮದ್, ಮನೆ ಬದಲಿಸಿದರೂ ಹಳೆಯದೇ ವಿಳಾಸ: ಈ ಅಸಡ್ಡೆಗೆ ಅಂಚೆಯಣ್ಣ ಹೊಣೆಯೇ? ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಮಸೀದಿ ಕಮಿಟಿಗಳು ತಿಂಗಳಿಗೊಂದು ಶುಕ್ರವಾರ ಜುಮಾ ನಮಾಝಿನ ಬಳಿಕ ಓದಿದ ನಾಲ್ವರು ಯುವಕ ಯುವತಿಯರನ್ನು ಕೂರಿಸಿ ಹೆಸರು, ವಿಳಾಸ, ಅರ್ಜಿಗಳನ್ನು ಸರಿಪಡಿಸಿಕೊಡಲಿ. ಪ್ರತಿ ಮನೆಯ ಮಹಿಳೆಯೂ ತನ್ನ ಖಾತೆಯನ್ನು ತಾನೇ ನಿರ್ವಹಿಸುವಂತಾಗಲಿ.

ಅಮಾನತ್ತನ್ನು ಅದರ ಹಕ್ಕುದಾರರಿಗೆ ಮುಟ್ಟಿಸಬೇಕೆಂಬುದು ಕುರ್‌ಆನಿನ ಸ್ಪಷ್ಟ ಆದೇಶ. ಪ್ರತಿದಿನವೂ ಆ ಕೆಲಸವನ್ನೇ ಮಾಡುತ್ತಿರುವವನು, ಯಾವುದೇ ಧರ್ಮದವನಿರಲಿ, ನಮ್ಮ ಬೀದಿಯ ಅಂಚೆಯಣ್ಣ. ಅವನಿಗೆ ನ್ಯಾಯದ ವೇತನ ಮತ್ತು ಪಿಂಚಣಿ, ಹಳ್ಳಿಯ ಅಂಚೆ ಕಚೇರಿಗೆ ಭದ್ರವಾದ ಸೂರು, ಸಣ್ಣ ಓದುಗನಿಗೆ ಕೈಗೆಟಕುವ ದರ: ಇಷ್ಟನ್ನು ನಮ್ಮ ಶಾಸಕರು, ಸಂಸದರೆದುರು ಕೇಳಲು ನಾವೆಲ್ಲ ಒಂದಾಗಬೇಕಾಗಿದೆ. ಮುಂದಿನ ಬಾರಿ ಅವರು ಮತ ಕೇಳಲು ಮನೆಬಾಗಿಲಿಗೆ ಬಂದಾಗ, ಆ ಬಾಗಿಲಿಗೆ ದಿನವೂ ಬರುವವನ ಗತಿಯೇನೆಂದು ಕೇಳೋಣ.