ಹೊಲಿಗಿ ಬಿಚ್ಚಿದ್ರ ಮುಗೀಲಿಲ್ರೀ

ನಮ್ಮ ಅಕ್ಕನ ಮಗಳಿಗೆ ದೀಪಾವಳಿ ಮುಂದ ಹೊಟ್ಟಿನೋವು ಬಂದು ಅಪೆಂಡಿಕ್ಸ್ ತಗಸಿದ್ದು ನಿಮಗೆಲ್ಲಾ ಗೊತ್ತೇ ಅದ. ಮೆತ್ತಗಿನ ಅನ್ನ, ತವ್ವಿ ಡಬ್ಬಿ ಕಳಿಸಿದವರು ನೀವೇ ಅಲ್ಲೇನು! ಹೊಲಿಗಿ ಬಿಚ್ಚಿದ್ರು, ಹುಡುಗಿ ಕಾಲೇಜಿಗೆ ಹೋಗ್ಲಿಕ್ಕೆ ಶುರು ಮಾಡಿದ್ಲು, ನಾವೂ ಮರತ್ವಿ. ತಗದ ಅಪೆಂಡಿಕ್ಸ್ ಲ್ಯಾಬಿಗೆ ಹೋಗಿರ್ತದ, ಅದರ ಬಯಾಪ್ಸಿ ರಿಪೋರ್ಟ್ ತರಬೇಕು ಅನ್ನೋದು ಮನ್ಯಾಗ ಒಬ್ಬರ ತಲಿಗೂ ಹೊಳೀಲಿಲ್ಲ. ದವಾಖಾನಿಯವರೂ ಫೋನ್ ಮಾಡ್ಲಿಲ್ಲ. ಒಂದೂವರಿ ತಿಂಗಳಾದ ಮ್ಯಾಲೆ ಇನ್ಶೂರೆನ್ಸ್ ಕಾಗದ ತರ್ಲಿಕ್ಕೆ ಹೋದಾಗ ಅಕ್ಕನ ಕೈಗೆ ಅದು ಸಿಕ್ತು. ಅದರಾಗ 'ಟ್ಯೂಮರ್' ಅಂತ ಇತ್ತು.

ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಡಾಕ್ಟರು ಕೂಡಿಸಿಕೊಂಡು ಬಿಡಿಸಿ ಹೇಳಿದ್ರು. ಇದು ನ್ಯೂರೋಎಂಡೋಕ್ರೈನ್ ಗಡ್ಡಿ, ಹಳೇ ಹೆಸರು ಕಾರ್ಸಿನಾಯ್ಡ್. ಬಹಳ ಮಾಡಿ ಅಪೆಂಡಿಕ್ಸಿನ ತುದಿಗೆ ಇರ್ತದ, ಹಿಂಗ ಆಪರೇಶನ್ ಮಾಡಿದಾಗ ತಾನಾಗಿ ಸಿಗ್ತದ. 1 ಸೆಂ.ಮೀ.ಗಿಂತ ಸಣ್ಣದಿದ್ದು, ಅಂಚಿನಾಗ ಏನೂ ಉಳೀದಂಗ ಪೂರ್ತಿ ಬಂದಿದ್ರ ಅಪೆಂಡಿಕ್ಸ್ ತಗದದ್ದೇ ಚಿಕಿತ್ಸಾ. ಆಮ್ಯಾಲೆ ಸ್ಕ್ಯಾನೂ ಬ್ಯಾಡ, ವರ್ಷಾವರ್ಷ ರಕ್ತ ಪರೀಕ್ಷಾನೂ ಬ್ಯಾಡ. ನಮ್ಮ ಹುಡುಗೀದು 6 ಮಿ.ಮೀ., ಗ್ರೇಡ್ 1, ಅಂಚು ಸ್ವಚ್ಛ.

ಆದ್ರ ಮನೀಗೆ ಬಂದವರೆಲ್ಲಾ ಒಂದೇ ಮಾತು: "ಯಾವುದಕ್ಕೂ ಆರು ತಿಂಗಳಿಗೊಮ್ಮೆ ಸಿಟಿ ಮಾಡಸ್ರಿ." ನಾ ಇದಕ್ಕ ಒಪ್ಪಂಗಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಗೆ ಕಾರಣಿಲ್ಲದ ಆ ಕಿರಣ ಯಾಕ? ಪ್ರತಿ ಸ್ಕ್ಯಾನಿನ ಮುಂದ ನಿದ್ದಿಗೇಡು ಯಾಕ? ನಾಳೆ ವರ ನೋಡೋ ಹೊತ್ತಿಗೆ "ಆಕೀಗೆ ಕ್ಯಾನ್ಸರ್ ಅದ, ವರ್ಷಾ ತೋರಸ್ತಾರ" ಅನ್ನೋ ಮಾತು ಹುಟ್ಟೋದೂ ಹಿಂಗೇ. (ಹುಟ್ಟಿಸೋದು ನಾವ ಹೆಂಗಸರ, ಸಿಟ್ಟಾಗಬ್ಯಾಡ್ರಿ.)

ಹಂಗಂತ ಎಲ್ಲಾರಿಗೂ ಇದೇ ಲೆಕ್ಕ ಅಲ್ಲ. 2 ಸೆಂ.ಮೀ. ದಾಟಿದ್ರ ಬಲಗಡಿ ದೊಡ್ಡಕರಳು ತಗೀಬೇಕಾಗ್ತದ. 1ರಿಂದ 2ರ ನಡುವ ಇದ್ದವರಿಗೂ ಮೊದಲು ಹಂಗೇ ಹೇಳ್ತಿದ್ರು. 2023ರಾಗ ಯುರೋಪಿನ 15 ದೇಶದ 278 ಮಂದೀನ್ನ ನೋಡಿದ ಅಭ್ಯಾಸ, ಗಡ್ಡಿ ಪೂರ್ತಿ ಬಂದಿದ್ರ ಅದು ಬೇಕಿಲ್ಲ ಅಂತು. ಲೋಳಿ ತುಂಬೋ ಮ್ಯೂಸಿನಸ್ ಗಡ್ಡಿ ಇನ್ನೊಂದೇ ಜಾತಿ, ಅದಕ್ಕ ಸಣ್ಣದಿದ್ರೂ ವರ್ಷಗಟ್ಟಲೆ ಸ್ಕ್ಯಾನ್ ಬೇಕಾಗ್ತದ. ಅದಕ್ಕ ರಿಪೋರ್ಟಿನಾಗ ಗಡ್ಡಿ ಹೆಸರು, ಅಳತಿ, ಅಂಚು, ಗ್ರೇಡ್ ನಾಕೂ ಕೇಳಿ ಬರಸಿಕೊಳ್ರಿ. ಫಾಲೋಅಪ್ ಬೇಕೋ ಬ್ಯಾಡೋ ಅನ್ನೋದನ್ನೂ ಡಾಕ್ಟರ ಕೈಲೆ ಬರಸ್ರಿ.

ಹಿಂದಿನ ಮನಿ ಮೌಶಿ, ನಿಮ್ಮ ಮಗಂದು ಶ್ರಾವಣದಾಗ ಆಗಿತ್ತಲ್ಲ? ರಿಪೋರ್ಟ್ ತಂದೀರೇನು?